ಸೋನೆಮಳೆಯಲ್ಲಿ ನರಿಯ ಜಾಡು

ಚಿಕ್ಕಜಾಜೂರು,
ಪುಷ್ಯ ಮಳೆಯ ದಿನಗಳು

ಬೇಟೆಯ ಆಸೆ ಹೊತ್ತಿರುವ ಚಿರಂಜೀವಿಗೆ,

ಉತ್ತರ ಅಮೆರಿಕದಲ್ಲಿ ವಾಸಿಸುವ, ನರಿಗಿಂತ ತುಸು ದೊಡ್ಡದೂ ತೋಳಕ್ಕಿಂತ ಚಿಕ್ಕದೂ ಆದ ಕಯೋಟಿ ಎಂಬ ಪ್ರಾಣಿಯನ್ನು ಇಬ್ಬರು ಗೆಳೆಯರು ಮಳೆಯಲ್ಲಿ ನೆನೆಯುತ್ತ ಬೇಟೆಯಾಡುವ ದೃಶ್ಯಗಳು ಈಗ ಮೊಬೈಲಿನ ಮೂಲಕ ಹೊಳಲ್ಕೆರೆ ಸೀಮೆಯ ಹುಡುಗರ ಕೈಗೂ ಬಂದಿರುವುದರಿಂದ, ಅಂಥದೇ ಒಂದು ದಿನವನ್ನು ಚಿಕ್ಕಜಾಜೂರಿನ ಮೆಕ್ಕೆಜೋಳದ ಹೊಲಗಳ ನಡುವೆ ನರಿಯ ಬೆನ್ನು ಹತ್ತಿ ಕಳೆಯಬೇಕೆಂದು ಚಿರಂಜೀವಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ಆಸೆಯನ್ನು ಗದರಿಸಿ ಅಡಗಿಸಲು ಈ ಪತ್ರ ಹೊರಟಿಲ್ಲ. ಬೇಟೆಯೆಂಬ ಕೆಲಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ನೆಲವನ್ನು ಓದುವುದು, ಗಾಳಿಯನ್ನು ಅರಿಯುವುದು, ಜೊತೆಗಾರನೊಡನೆ ಮಾತಿಲ್ಲದೆ ನಡೆಯುವುದು ಎಂಬ ದೀರ್ಘವಾದ ಭಾಗವೊಂದಿದ್ದು, ಕೊನೆಯಲ್ಲಿ ಗುಂಡು ಹಾರಿಸುವ ಕ್ಷಣ ಮಾತ್ರದ ಭಾಗವೊಂದಿದೆ; ಮೊದಲನೆಯದಕ್ಕೆ ಈ ನೆಲದಲ್ಲಿ ಇಂದಿಗೂ ಪೂರ್ಣ ಅವಕಾಶವಿದೆಯೆಂದೂ, ಎರಡನೆಯದಕ್ಕೆ ಅವಕಾಶವೂ ಇಲ್ಲ, ಅಗತ್ಯವೂ ಇಲ್ಲವೆಂದೂ ತೋರಿಸಿಕೊಡುವುದೇ ಇಲ್ಲಿಯ ಮಾತು.

ಮೊದಲು ನೆಲದ ವಿಚಾರ. ಹೊಳಲ್ಕೆರೆ ತಾಲ್ಲೂಕು ಚಿತ್ರದುರ್ಗ ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವುದರಿಂದ, ಹಿರಿಯೂರು, ಚಳ್ಳಕೆರೆಗಳ ಒಣಬಯಲಿಗಿಂತ ಇಲ್ಲಿ ಮುಂಗಾರಿನ ತೇವ ಹೆಚ್ಚು. ಪುನರ್ವಸು, ಪುಷ್ಯ, ಆಶ್ಲೇಷ ಎಂಬ ಮಳೆಗಳಲ್ಲಿ, ಎಂದರೆ ಸೂರ್ಯನು ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ರೈತರು ಇಟ್ಟುಕೊಂಡಿರುವ ಲೆಕ್ಕದಲ್ಲಿ, ಜುಲೈ ಮೊದಲ ವಾರದಿಂದ ಆಗಸ್ಟ್ ನಡುವಿನವರೆಗೆ ಮಲೆನಾಡಿನ ಕಡೆಯಿಂದ ಬರುವ ಮೋಡ ಇಲ್ಲಿ ಗುಡುಗಿ ಸುರಿಯುವುದಕ್ಕಿಂತ ಜಿಟಿಜಿಟಿಯಾಗಿ ಹನಿಯುವುದೇ ಹೆಚ್ಚು. ಮೆಕ್ಕೆಜೋಳ ಎದೆಯೆತ್ತರಕ್ಕೆ ಬಂದಿರುತ್ತದೆ, ಅಡಿಕೆ ತೋಟಗಳ ಬದಿಯ ಹಳ್ಳಗಳು ತೇವವಾಗಿರುತ್ತವೆ, ರಾಮಗಿರಿಯ ಕಡೆಯ ಗುಡ್ಡಗಳು ಮಂಜು ಕವಿದು ನಿಂತಿರುತ್ತವೆ. ಬಿಸಿಲೂ ಮಳೆಯೂ ಒಟ್ಟಿಗೆ ಬಂದರೆ ನರಿಗೂ ಕಾಗೆಗೂ ಮದುವೆಯೆಂದು ಮಕ್ಕಳು ಕೂಗಿಕೊಂಡು ಕುಣಿಯುವುದು ಈ ದಿನಗಳಲ್ಲೇ.

ಈ ಸೀಮೆಯಲ್ಲಿ ಕಯೋಟಿಯ ಸ್ಥಾನದಲ್ಲಿರುವ ಪ್ರಾಣಿಯೆಂದರೆ ನರಿ. ಎಂಟರಿಂದ ಹನ್ನೊಂದು ಕಿಲೋ ತೂಗುವ, ಕಂದುಮಿಶ್ರಿತ ಹಳದಿ ಬಣ್ಣದ, ಗಂಡು ಹೆಣ್ಣು ಜೋಡಿಯಾಗಿ ಬಾಳುವ ಈ ಪ್ರಾಣಿಯನ್ನು ವಿಜ್ಞಾನಿಗಳು ನಾಯಿ, ತೋಳ, ಕಯೋಟಿಗಳೊಂದಿಗೆ ಒಂದೇ ಕುಲದಲ್ಲಿ ಸೇರಿಸಿದ್ದಾರೆ. ಇದರೊಡನೆ ಗೊಂದಲವಾಗಬಾರದ ಇನ್ನೊಂದು ಪ್ರಾಣಿಯಿದೆ: ಎರಡರಿಂದ ನಾಲ್ಕು ಕಿಲೋ ತೂಗುವ, ಕಿವಿ ದೊಡ್ಡದಾಗಿ ಮೂತಿ ಚೂಪಾಗಿರುವ, ಗೆದ್ದಲು, ಮಿಡತೆ, ಇಲಿಗಳನ್ನು ತಿಂದು ಬಯಲು ಹುಲ್ಲುಗಾವಲಿನಲ್ಲಿ ಬಿಲ ತೋಡಿಕೊಂಡಿರುವ ಸಣ್ಣ ನರಿ, ಗ್ರಂಥಗಳಲ್ಲಿ ಬಂಗಾಳ ನರಿ ಎನಿಸಿಕೊಳ್ಳುವುದು. ಊರಿನ ಮಾತಿನಲ್ಲಿ ಎರಡೂ ನರಿಯೇ ಆಗಿರುವುದರಿಂದ ಒಂದು ಮಾಡಿದ ತಪ್ಪಿಗೆ ಇನ್ನೊಂದು ಬೈಗುಳ ತಿನ್ನುವುದುಂಟು. ಮೂರನೆಯದಾದ ತೋಳ ಈಗ ಅಪರೂಪ. ಅದಕ್ಕೆ ಕಾರಣವೇನೆಂಬುದು ಮುಂದೆ ಬರುತ್ತದೆ.

ನರಿಯನ್ನು ಹೊಡೆದರೆ ಏನೂ ಆಗುವುದಿಲ್ಲವೆಂದು ಹಿರಿಯರು ಯಾರಾದರೂ ಹೇಳಿದ್ದರೆ, ಅವರು ಸುಳ್ಳು ಹೇಳುತ್ತಿದ್ದಾರೆಂದು ತಿಳಿಯಬೇಕಾಗಿಲ್ಲ, ಅವರು ಹಳೆಯ ಕಾನೂನನ್ನು ಹೇಳುತ್ತಿದ್ದಾರೆಂದು ತಿಳಿದರೆ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅನುಸೂಚಿಗಳು, ಎಂದರೆ ಯಾವ ಪ್ರಾಣಿಗೆ ಎಷ್ಟು ರಕ್ಷಣೆಯೆಂಬುದನ್ನು ವಿಂಗಡಿಸುವ ಪಟ್ಟಿಗಳು, ಜೋಡಿಸಲ್ಪಟ್ಟಿವೆ; ಕಾಯ್ದೆ ಹುಟ್ಟಿದಾಗ ಅದರ ಐದನೆಯ ಅನುಸೂಚಿಯಲ್ಲಿ, ಉಪದ್ರವಕಾರಿಗಳ ಸಾಲಿನಲ್ಲಿ, ಕಾಗೆ, ಹಣ್ಣುಬಾವಲಿ, ಇಲಿಗಳ ಜೊತೆಗೆ ನರಿಯ ಹೆಸರೂ ಇತ್ತು. ಮುಂದೆ ಅದನ್ನು ಅಲ್ಲಿಂದ ತೆಗೆದು ಎರಡನೆಯ ಅನುಸೂಚಿಗೆ ಏರಿಸಲಾಯಿತು. 1991ರ ತಿದ್ದುಪಡಿಯು ಪರವಾನಗಿ ಪಡೆದು ಬೇಟೆಯಾಡುವ ಪದ್ಧತಿಯನ್ನೇ ಕೊನೆಗಾಣಿಸಿತು. 2022ರಲ್ಲಿ ಅಂಗೀಕಾರವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ನರಿ ಈಗ ಹುಲಿ, ಆನೆಗಳಿರುವ ಮೊದಲನೆಯ ಅನುಸೂಚಿಯಲ್ಲಿಯೇ ಇದೆ. ಇಲಿಯ ಸಾಲಿನಿಂದ ಹುಲಿಯ ಸಾಲಿಗೆ ಒಂದು ಪ್ರಾಣಿ ಐವತ್ತು ವರ್ಷಗಳಲ್ಲಿ ಬಂದು ನಿಂತದ್ದನ್ನು ಗಮನಿಸಿದರೆ, ಕಾನೂನು ಕೂಡ ನಿಧಾನವಾಗಿ ಕಲಿಯುತ್ತದೆಯೆಂದು ಹೇಳಬೇಕಾಗುತ್ತದೆ. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗೂ ಹೋಗಬಹುದಾದ ಸಜೆಯೂ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ಇವೆ.

ಇಲ್ಲಿ ‘ಬೇಟೆ’ ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥ ಬಹಳ ವಿಶಾಲವೆಂಬುದನ್ನೂ ಚಿರಂಜೀವಿಯು ತಿಳಿದಿರಬೇಕು. ಕೊಲ್ಲುವುದು ಮತ್ತು ವಿಷವಿಡುವುದು ಮಾತ್ರವಲ್ಲದೆ, ಹಿಡಿಯುವುದು, ನಾಯಿ ಬಿಟ್ಟು ಅಟ್ಟಿಸುವುದು, ಉರುಳು ಹಾಕುವುದು, ಸೋವುವುದು, ಆಮಿಷ ಒಡ್ಡುವುದು ಮತ್ತು ಇವುಗಳಿಗೆ ಪ್ರಯತ್ನಿಸುವುದು ಕೂಡ ಅದರೊಳಗೆ ಬರುತ್ತವೆ. ಅಮೆರಿಕದ ಬೇಟೆಗಾರರು ಗಾಯಗೊಂಡ ಮೊಲದ ಚೀರಾಟವನ್ನು ಯಂತ್ರದಿಂದ ಹೊರಡಿಸಿ ಕಯೋಟಿಯನ್ನು ಹತ್ತಿರಕ್ಕೆ ಸೆಳೆಯುವ ಉಪಾಯವನ್ನು ಇಲ್ಲಿ ‘ಸುಮ್ಮನೆ ನೋಡಲಿಕ್ಕೆ’ ಪ್ರಯೋಗಿಸುವುದೂ ಆದ್ದರಿಂದ ಜಾಣತನವಲ್ಲ. ನರಿಕೊಂಬೆಂದು ತಾಯಿತದ ವ್ಯಾಪಾರಿಗಳು ಮಾರುವ ವಸ್ತುವಿನ ಬಗೆಗೂ ಒಂದು ಮಾತು ಸೇರಿಸಬಹುದು: ನರಿಗೆ ಕೊಂಬಿಲ್ಲ. ಚರ್ಮದ ತುಂಡಿಗೆ ಕೂದಲು ಕಟ್ಟಿ ಮಾಡಿದ ಆ ವಸ್ತುವನ್ನು ಕೊಂಡವನು ಹಣವನ್ನೂ ಕಳೆದುಕೊಳ್ಳುತ್ತಾನೆ, ಅದರಲ್ಲಿರುವ ಚರ್ಮ ನಿಜವಾಗಿ ನರಿಯದೇ ಆಗಿದ್ದರೆ ಅಪರಾಧಿಯೂ ಆಗುತ್ತಾನೆ. ಬೆಳಗಾಗೆದ್ದು ನರಿಯ ಮುಖ ನೋಡಿದರೆ ಅದೃಷ್ಟವೆಂಬ ನಂಬಿಕೆ ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅದಕ್ಕೆ ನರಿ ಬದುಕಿರಬೇಕು.

ಈ ಜಿಲ್ಲೆಯಲ್ಲಿ ಬೇಟೆ ಹೊರಗಿನಿಂದ ಬಂದ ವಿನೋದವೇನೂ ಆಗಿರಲಿಲ್ಲ. ಹಿಂದೆ ಚಿತ್ರದುರ್ಗವನ್ನಾಳಿದ ನಾಯಕರು ಬೇಡ ಸಮುದಾಯಕ್ಕೆ ಸೇರಿದವರು. ಅದೇ ಸಮುದಾಯದ ಮ್ಯಾಸಬೇಡರ ಆಚರಣೆಗಳಲ್ಲಿ ಬೇಟೆಗೆ ದೈವದ ಸಂಬಂಧವಿದೆ. ಬಯಲುಸೀಮೆಯ ಹಲವು ಊರುಗಳಲ್ಲಿ ಯುಗಾದಿಯ ಬೆನ್ನಿಗೆ ಊರೊಟ್ಟಿನ ಬೇಟೆಗೆ ಹೋಗುವ ರೂಢಿಯಿತ್ತು. ಅಂಥ ಬೇಟೆಗೆ ಋತುವಿನ ಕಟ್ಟೂ ಹಂಚಿಕೆಯ ಕಟ್ಟೂ ಇದ್ದವೆಂಬುದನ್ನು ಒಪ್ಪಬೇಕು. ಲೆಕ್ಕವಿಲ್ಲದ ಸಂಹಾರ ಬಂದದ್ದು ಬಹುಮಟ್ಟಿಗೆ ಬಹುಮಾನದ ಆಸೆಯಿಂದ. ಬ್ರಿಟಿಷ್ ಆಡಳಿತ ಹುಲಿ, ಚಿರತೆ, ತೋಳಗಳ ತಲೆಗೆ ಬೆಲೆ ಕಟ್ಟಿದ್ದರಿಂದ 1875ರಿಂದ 1925ರವರೆಗಿನ ಅರ್ಧ ಶತಮಾನದಲ್ಲಿ ಭಾರತದಲ್ಲಿ 2 ಲಕ್ಷಕ್ಕೂ ಹೆಚ್ಚು ತೋಳಗಳು ಕೊಲ್ಲಲ್ಪಟ್ಟವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಅದರ ಮೇಲೆ ಹುಲ್ಲುಗಾವಲುಗಳು ಉಳುಮೆಗೆ ಒಳಗಾದವು, ಕುರುಬರು ಮಂದೆ ಉಳಿಸಿಕೊಳ್ಳಲು ತೋಳದ ಬಿಲಗಳಿಗೆ ಹೊಗೆ ಹಾಕಿದರು. ಹೀಗೆ ಬರಿದಾದ ಮೇಲೆ, 1974ರಲ್ಲಿ ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡನ್ನು ತೋಳದ ಸಲುವಾಗಿಯೇ ವನ್ಯಧಾಮವೆಂದು ಘೋಷಿಸಬೇಕಾಯಿತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿಯೂ ಈಗ ಅದೇ ಉದ್ದೇಶದ ವನ್ಯಧಾಮವಿದೆ.

ನರಿಯಿಂದ ರೈತನಿಗೆ ನಷ್ಟವೇ ಇಲ್ಲವೆಂದು ಹೇಳುವುದು ಪೇಟೆಯ ಮಾತಾಗುತ್ತದೆ. ಕಲ್ಲಂಗಡಿ, ಎಳೆಯ ಮೆಕ್ಕೆಜೋಳದ ತೆನೆ, ಕೋಳಿ, ಹುಟ್ಟಿ ಎರಡು ಮೂರು ದಿನವಾದ ಕುರಿಮರಿ, ಇವು ನರಿಯ ಬಾಯಿಗೆ ಬೀಳುವುದುಂಟು. ಆದರೆ ಮಧ್ಯಭಾರತದ ಕಾನ್ಹಾದಲ್ಲಿ ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ ನಡೆಸಿದ, 1967ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನರಿಯ ಆಹಾರದ ಶೇಕಡಾ 80ಕ್ಕಿಂತ ಹೆಚ್ಚು ಭಾಗ ಇಲಿ ಹೆಗ್ಗಣಗಳು, ಹಾವು ಹಲ್ಲಿಯಂಥ ಸರೀಸೃಪಗಳು ಮತ್ತು ಹಣ್ಣುಗಳೇ ಆಗಿದ್ದವೆಂಬುದನ್ನು ಅದೇ ಲೆಕ್ಕದ ಇನ್ನೊಂದು ಬದಿಗೆ ಬರೆಯಬೇಕು. ಶೇಂಗಾ ಹೊಲದಲ್ಲಿಯೂ ಅಡಿಕೆ ತೋಟದಲ್ಲಿಯೂ ಇಲಿಯ ಕಾಟ ಎಷ್ಟೆಂಬುದನ್ನು ಚಿರಂಜೀವಿಯ ಮನೆಯವರೇ ಹೇಳಬಲ್ಲರು. ಅಲ್ಲದೆ, ಕೊಲ್ಲುವುದರಿಂದ ಈ ಜಾತಿಯ ಪ್ರಾಣಿ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಅಮೆರಿಕವೇ ಉತ್ತರ ಕೊಟ್ಟಿದೆ. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ವಿಷ, ಬೋನು, ಬಂದೂಕುಗಳಿಂದ ಕಯೋಟಿಯನ್ನು ಕೊಲ್ಲುತ್ತ ಬರಲಾಗಿದೆ, ಇಂದಿಗೂ ಸರ್ಕಾರದ ವತಿಯಿಂದಲೇ ವರ್ಷಕ್ಕೆ ಹತ್ತಾರು ಸಾವಿರ ಕೊಲ್ಲಲ್ಪಡುತ್ತವೆ. ಆದರೂ ಪಶ್ಚಿಮದ ಬಯಲುಗಳಲ್ಲಿದ್ದ ಆ ಪ್ರಾಣಿ ಅಟ್ಲಾಂಟಿಕ್ ಕರಾವಳಿಯವರೆಗೂ ಷಿಕಾಗೋದಂಥ ಮಹಾನಗರದ ಒಳಗೂ ಹರಡಿಕೊಂಡಿದೆ. ತನ್ನನ್ನು ಹತ್ತಿಕ್ಕುತ್ತಿದ್ದ ತೋಳವನ್ನು ಮನುಷ್ಯನೇ ತೆಗೆದುಹಾಕಿದ್ದು ಒಂದು ಕಾರಣವಾದರೆ, ಹಿರಿಯ ಜೋಡಿ ಸತ್ತು ಗುಂಪು ಒಡೆದಾಗ ಅದುವರೆಗೆ ಮರಿ ಹಾಕದೆ ಸುಮ್ಮನಿದ್ದ ಕಿರಿಯ ಹೆಣ್ಣುಗಳೂ ಮರಿ ಹಾಕತೊಡಗುವುದು ಇನ್ನೊಂದು ಕಾರಣ. ಕೊಟ್ಟಿಗೆಗೆ ಬಾಗಿಲು ಹಾಕಿದಷ್ಟು, ಕಾವಲುನಾಯಿ ಕಟ್ಟಿದಷ್ಟು ಪ್ರಯೋಜನ ಬಂದೂಕಿನಿಂದ ಆಗುವುದಿಲ್ಲವೆಂಬುದನ್ನು ಮುಳ್ಳುಬೇಲಿಯ ರೊಪ್ಪದಲ್ಲಿ ಕುರಿ ಕೂಡುವ ಕಾಡುಗೊಲ್ಲರು ಅಮೆರಿಕದವರಿಗಿಂತ ಮೊದಲೇ ಬಲ್ಲರು.

ಇನ್ನು ಮಳೆಯ ದಿನಕ್ಕೆ ಬರಬಹುದು. ಜಾಡು ಹಿಡಿಯುವುದಕ್ಕೆ, ಎಂದರೆ ಹೆಜ್ಜೆ, ಹಿಕ್ಕೆ, ರೋಮ, ಮುರಿದ ಹುಲ್ಲುಗಳಿಂದ ಪ್ರಾಣಿ ಹೋದ ದಾರಿಯನ್ನು ಕಂಡುಕೊಳ್ಳುವುದಕ್ಕೆ, ರಾತ್ರಿ ಸೋನೆ ಹಿಡಿದು ಬೆಳಗಿನ ಜಾವ ಬಿಟ್ಟುಕೊಟ್ಟ ದಿನದಷ್ಟು ಒಳ್ಳೆಯದು ಇನ್ನೊಂದಿಲ್ಲ. ದೊಡ್ಡ ಮಳೆ ಎಲ್ಲವನ್ನೂ ತೊಳೆದುಬಿಡುತ್ತದೆ, ಬೇಸಿಗೆಯ ಗಟ್ಟಿ ನೆಲ ಏನನ್ನೂ ಬರೆದುಕೊಳ್ಳುವುದಿಲ್ಲ. ಎರೆಮಣ್ಣು, ಎಂದರೆ ಹತ್ತಿ ಬೆಳೆಯುವ ಕಪ್ಪು ಜಿಗುಟು ಮಣ್ಣು, ಹಸಿಯಾದಾಗ ಪ್ರಾಣಿಯ ಪಾದಕ್ಕೂ ನೋಡುವವನ ಚಪ್ಪಲಿಗೂ ಮೆತ್ತಿಕೊಂಡು ಹೆಜ್ಜೆಯನ್ನು ಕೆಡಿಸುತ್ತದೆ. ಕೆಂಪು ಮಣ್ಣಿನ ಮೇಲೆ ನುಣ್ಣನೆಯ ಮೆಕ್ಕಲು ಕೂತಿರುವ ಬದು, ಕಾಲುದಾರಿ, ಕೃಷಿಹೊಂಡದ ಅಂಚು, ಇವೇ ಒಳ್ಳೆಯ ಪುಟಗಳು. ನೆನೆದ ಎತ್ತರದ ಬೆಳೆಯೊಳಗೆ ಮೈ ತೋಯಿಸಿಕೊಂಡು ನುಗ್ಗುವುದಕ್ಕಿಂತ ಬದುವಿನ ಮೇಲೂ ಬಂಡಿದಾರಿಯಲ್ಲೂ ನಡೆಯುವುದು ನರಿಗೆ ಸುಲಭವಾದ್ದರಿಂದ, ಹುಡುಕುವವನು ಹೊಲದೊಳಗೆ ನುಗ್ಗಿ ಬೆಳೆ ತುಳಿಯುವ ಅಗತ್ಯವೂ ಬೀಳುವುದಿಲ್ಲ.

ಹೆಜ್ಜೆ ಸಿಕ್ಕಿದಾಗ ಅದರ ಮೇಲೆ ನಿಲ್ಲದೆ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಬೇಕು. ನಾಲ್ಕು ಬೆರಳುಗಳ ಮುಂದೆ ಉಗುರಿನ ಚುಕ್ಕೆಗಳಿದ್ದರೆ ಅದು ನಾಯಿಯ ಬಳಗ. ಚಿರತೆ, ಕಾಡುಬೆಕ್ಕುಗಳು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುವುದರಿಂದ ಅವುಗಳ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಆ ಚುಕ್ಕೆಗಳಿರುವುದಿಲ್ಲ. ಊರ ನಾಯಿಯದು ಅಗಲವಾಗಿ ಬೆರಳು ಹರಡಿಕೊಂಡಿರುತ್ತದೆ. ನರಿಯದು ಸುಮಾರು 5 ಸೆಂಟಿಮೀಟರ್ ಉದ್ದವಾಗಿ ಕಿರಿದಾಗಿರುತ್ತದೆ. ಎಲ್ಲಕ್ಕಿಂತ ಖಚಿತವಾದ ಗುರುತೆಂದರೆ ನಡುವಿನ ಎರಡು ಬೆರಳುಗಳ ಮೆತ್ತೆಗಳು: ನಾಯಿಯಲ್ಲಿ ಅವು ಬೇರೆ ಬೇರೆ, ನರಿಯಲ್ಲಿ ಅವು ಹಿಂಬದಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಮೆಕ್ಕಲು ಮಣ್ಣು ಹದವಾಗಿದ್ದರೆ ಆ ಕೂಡಿಕೆ ಅಚ್ಚೊತ್ತಿದಂತೆ ಕಾಣುತ್ತದೆ. ನಾಯಿ ಅತ್ತಿತ್ತ ಮೂಸುತ್ತ ಅಂಕುಡೊಂಕಾಗಿ ಹೋದರೆ, ನರಿ ಬಹುಮಟ್ಟಿಗೆ ಒಂದೇ ಗೆರೆಯಲ್ಲಿ, ಎಲ್ಲಿಗೆ ಹೋಗಬೇಕೆಂದು ಗೊತ್ತಿರುವಂತೆ ಸಾಗುತ್ತದೆ.

ಹೆಜ್ಜೆ ಎಷ್ಟು ಹೊತ್ತಿನದೆಂಬುದನ್ನು ಮಳೆಯೇ ಹೇಳುತ್ತದೆ. ಸುತ್ತಲಿನ ಮಣ್ಣಿನ ಮೇಲೆ ಹನಿ ಬಿದ್ದ ಸಣ್ಣ ಗುಳಿಗಳಿದ್ದು ಹೆಜ್ಜೆಯೊಳಗೂ ಅವೇ ಗುಳಿಗಳಿದ್ದರೆ ಪ್ರಾಣಿ ಮಳೆ ನಿಲ್ಲುವ ಮೊದಲೇ ದಾಟಿದೆ. ಸುತ್ತ ಗುಳಿಗಳಿದ್ದು ಹೆಜ್ಜೆಯ ತಳ ನುಣುಪಾಗಿದ್ದರೆ ಮಳೆ ನಿಂತ ಮೇಲೆ ಹೋಗಿದೆ. ಮಳೆ ಬೆಳಗಿನ ಜಾವ ನಾಲ್ಕಕ್ಕೆ ನಿಂತಿತೆಂದು ಮನೆಯಲ್ಲಿ ಎಚ್ಚರವಿದ್ದವರು ಹೇಳಿದ್ದರೆ, ಏಳು ಗಂಟೆಗೆ ಸಿಕ್ಕ ನುಣುಪು ಹೆಜ್ಜೆ ಮೂರು ಗಂಟೆಗಿಂತ ಹಳೆಯದಾಗಿರಲಾರದೆಂಬ ತೀರ್ಮಾನಕ್ಕೆ ಗಡಿಯಾರಕ್ಕಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ. ಕಲ್ಲಿನ ಮೇಲೆ ಅಥವಾ ಬದುವಿನ ನೆತ್ತಿಯ ಮೇಲೆ ಕಣ್ಣಿಗೆ ಬೀಳುವಂತೆ ಹಿಕ್ಕೆ ಇಟ್ಟಿದ್ದರೆ ಅದು ಗಡಿಯ ಗುರುತು. ಕಡ್ಡಿಯಿಂದ ಬಿಡಿಸಿ ನೋಡಿದರೆ ಇಲಿಯ ರೋಮ, ಜೀರುಂಡೆಯ ಚಿಪ್ಪು, ಕಾಲಕ್ಕೆ ತಕ್ಕಂತೆ ನೇರಳೆಯ ಅಥವಾ ಬೋರೆಯ ಬೀಜ ಸಿಗುತ್ತವೆ. ಕೈಯಿಂದ ಮುಟ್ಟಬಾರದು.

ಜೊತೆಗೆ ಕರೆದೊಯ್ಯುವ ಗೆಳೆಯನನ್ನು ಆರಿಸುವಾಗ ಧೈರ್ಯಕ್ಕಿಂತ ತಾಳ್ಮೆಯನ್ನು ನೋಡುವುದು ಲೇಸು. ಒಬ್ಬನ ಕಣ್ಣು ನೆಲದ ಮೇಲಿದ್ದಾಗ ಇನ್ನೊಬ್ಬನ ಕಣ್ಣು ಮುಂದಿನ ಬಯಲಿನ ಮೇಲಿರಬೇಕು. ಗಾಳಿ ಮುಖಕ್ಕೆ ಬೀಸುವ ದಿಕ್ಕಿನಲ್ಲಿ ಒಬ್ಬರ ಹಿಂದೊಬ್ಬರು ನಡೆಯಬೇಕು. ಮಾತು ಕೈಸನ್ನೆಯಲ್ಲಿ ಮುಗಿಯಬೇಕು. ಚರಚರ ಸದ್ದು ಮಾಡುವ ಪ್ಲಾಸ್ಟಿಕ್ ಮಳೆಯಂಗಿಗಿಂತ ಕುರಿ ಕಾಯುವವರು ತಲೆಯ ಮೇಲಿಂದ ಇಳಿಬಿಡುವ ಕಂಬಳಿಯ ಕೊಪ್ಪೆ ಈ ಕೆಲಸಕ್ಕೆ ಉತ್ತಮ, ಅದು ತೂಕವಾದರೂ ಸದ್ದಿಲ್ಲದ್ದು, ಬಣ್ಣವೂ ನೆಲಕ್ಕೆ ಹೊಂದುವಂಥದ್ದು. ಬೆಂಗಳೂರು ಹುಬ್ಬಳ್ಳಿ ಮಾರ್ಗಕ್ಕೆ ಚಿತ್ರದುರ್ಗ ಬಳ್ಳಾರಿಯ ಹಳಿ ಕೂಡುವ ಜಂಕ್ಷನ್ ಊರಿನಲ್ಲೇ ಇರುವುದರಿಂದ, ಜಾಡು ರೈಲುಹಳಿಯ ದಂಡೆಗೆ ಹತ್ತಿದರೆ ಅಲ್ಲಿಗೇ ಬಿಟ್ಟುಬಿಡಬೇಕೆಂಬುದನ್ನು ಗೆಳೆಯನಿಗೆ ಮೊದಲೇ ಹೇಳಿರಬೇಕು. ಮಳೆಯ ಸದ್ದಿನಲ್ಲಿ ರೈಲಿನ ಸದ್ದು ತಡವಾಗಿ ಕೇಳಿಸುತ್ತದೆ.

ಅಪಾಯಗಳ ಪೈಕಿ ನರಿಯದು ಕೊನೆಯದು. ಹಂದಿಯ ಕಾಟಕ್ಕೆ ಬೇಸತ್ತವರು ಹೊಲದ ಸುತ್ತ ಕಳ್ಳತನದಿಂದ ವಿದ್ಯುತ್ ಹರಿಸಿದ ತಂತಿ ಎಳೆದಿದ್ದರೆ, ಒದ್ದೆ ನೆಲದಲ್ಲಿ ಬರಿಗಾಲಿನವನಿಗೆ ಅದು ಮೃತ್ಯು. ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಹುದುಗಿಸಿ ಬದುವಿನಲ್ಲಿ ಇಡುವುದೂ ಉಂಟಾದ್ದರಿಂದ ಬಿದ್ದಿರುವ ಯಾವ ಉಂಡೆಯನ್ನೂ ಮುಟ್ಟಬಾರದು, ಒದೆಯಬಾರದು. ಯಾರಾದರೂ ನಾಡಬಂದೂಕು, ಎಂದರೆ ನಳಿಗೆಯ ಬಾಯಿಂದ ಮದ್ದು ತುಂಬಿ ಕೇಪಿನ ಕಿಡಿಯಿಂದ ಹಾರಿಸುವ ಸ್ಥಳೀಯ ಕೋವಿ, ತರುತ್ತೇನೆಂದರೆ ಆ ದಿನ ಮನೆಯಲ್ಲಿಯೇ ಉಳಿಯುವುದು ವಿವೇಕ. ತೇವ ಹಿಡಿದ ಮದ್ದು ಕುದುರೆ ಎಳೆದಾಗ ಹಾರದೆ, ಹಿಡಿದವನು ‘ಸುಳ್ಳಾಯಿತು’ ಎಂದು ನಳಿಗೆ ತಿರುಗಿಸಿ ನೋಡುವ ಹೊತ್ತಿಗೆ ಹಾರುತ್ತದೆ. ಎದೆಯೆತ್ತರದ ಮೆಕ್ಕೆಜೋಳದಲ್ಲಿ ಅಲುಗಿದ್ದು ನರಿಯೋ ಗೆಳೆಯನೋ ಎಂದು ತಿಳಿಯುವುದೂ ಇಲ್ಲ. ಹಗಲಿನಲ್ಲಿ ಅಂಜಿಕೆಯಿಲ್ಲದೆ ಎದುರಿಗೆ ಬರುವ, ಜೊಲ್ಲು ಸುರಿಸುವ, ತೂರಾಡುವ ನರಿ ಕಂಡರೆ ಹುಚ್ಚು ಹಿಡಿದದ್ದೆಂದು ತಿಳಿದು ದೂರ ಸರಿಯಬೇಕು. ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅರಿಶಿನ, ಸುಣ್ಣ, ಮಂತ್ರಗಳಿಗೆ ಕಾಯದೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಬೇಕು, ಏಕೆಂದರೆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧವಿಲ್ಲ.

ಹೀಗೆ ಕಲಿತ ವಿದ್ಯೆ ಊರಿಗೆ ಬೇಕಾಗುವ ಒಂದು ಸಂದರ್ಭವಿದೆ. ಮಂದೆಯಲ್ಲಿ ಮರಿ ಸತ್ತ ಬೆಳಗ್ಗೆ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ನರಿಯದು, ಸಂಜೆಯ ಹೊತ್ತಿಗೆ ಯಾರೋ ಸತ್ತ ಮರಿಯ ಮೈಗೆ ವಿಷ ಸವರಿ ಹಳ್ಳದಲ್ಲಿ ಇಟ್ಟಿರುತ್ತಾರೆ, ಅದನ್ನು ತಿಂದು ನರಿಯೂ ನಾಯಿಯೂ ಹದ್ದೂ ಸಾಯುತ್ತವೆ. ಹಲವು ಕುರಿಗಳ ಹಿಂಗಾಲು ತೊಡೆಗಳನ್ನು ಹರಿದು, ಹೆಚ್ಚೇನೂ ತಿನ್ನದೆ ಬಿಟ್ಟುಹೋಗಿದ್ದರೆ ಅದು ಬಹುತೇಕ ಊರ ನಾಯಿಗಳ ಹಿಂಡಿನ ಕೆಲಸ. ಒಂದೇ ಎಳೆಯ ಮರಿ ಕಾಣೆಯಾಗಿದ್ದರೆ ನರಿಯ ಮೇಲೆ ಅನುಮಾನಪಡಬಹುದು. ನಿಶ್ಚಯವಾಗಿ ಹೇಳುವುದು ಮಾತ್ರ ಹೆಜ್ಜೆ. ಆದ್ದರಿಂದ ಅಂಥ ಬೆಳಗ್ಗೆ ಚಿರಂಜೀವಿಯೂ ಅವನ ಗೆಳೆಯನೂ ಜನ ಸೇರಿ ತುಳಿದಾಡುವ ಮೊದಲೇ ಅಲ್ಲಿರಬೇಕು. ಸ್ಪಷ್ಟವಾಗಿರುವ ಎರಡು ಮೂರು ಹೆಜ್ಜೆಗಳ ಪಕ್ಕದಲ್ಲಿ ಬೆಂಕಿಪೊಟ್ಟಣವನ್ನೋ ನಾಣ್ಯವನ್ನೋ ಅಳತೆಗಾಗಿ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆದುಕೊಂಡು, ವಲಯ ಅರಣ್ಯ ಕಚೇರಿಗೆ ಸುದ್ದಿ ಮುಟ್ಟಿಸಿ, ಸಿಬ್ಬಂದಿ ಬಂದು ಮಹಜರು ಮಾಡುವವರೆಗೆ ಆ ಹೆಜ್ಜೆಗಳ ಮೇಲೆ ಬಿದಿರು ಬುಟ್ಟಿಯೊಂದನ್ನು ಕವುಚಿ, ಅದರ ಮೇಲೆ ಗೊಬ್ಬರದ ಖಾಲಿ ಚೀಲ ಹೊದಿಸಿಡಬೇಕು.

ಇತಿ,
ಊರಿನ ಹಿರಿಯ ಹಿತೈಷಿ